ಮಕ್ಕಳ ಇಂಗ್ಲಿಷ್ ರೋಲ್ ಪ್ಲೇ: ಡೈಲಾಗ್ ಒಪ್ಪಿಸೋದು ಬಿಟ್ಟು ಮಾತಾಡೋ ಹಾಗೆ ಮಾಡೋದು ಹೇಗೆ

ಕನ್ನಡ ಮೀಡಿಯಂ ಶಾಲೆಗಳಲ್ಲಿ 4, 5ನೇ ಕ್ಲಾಸಿಗೆ ಇಂಗ್ಲಿಷ್ ತಗೊಳ್ಳೋ ಟೀಚರ್‌ಗಳನ್ನ ಕೇಳಿ ನೋಡಿ, ಸುಮಾರು ಜನ ಹೇಳೋದು ಒಂದೇ: ರೋಲ್ ಪ್ಲೇ ಮಾಡಿಸ್ತೀವಿ, ಮಕ್ಕಳು ಡಾಕ್ಟ್ರು-ಪೇಷಂಟು ಆಗಿ ಪಟಪಟ ಅಂತ ಹೇಳಿ ಚಪ್ಪಾಳೆ ಗಿಟ್ಟಿಸ್ತಾರೆ, ಆದ್ರೆ ಮಾರನೇ ದಿನ ಅದೇ ಮಗೂಗೆ ಬೆರಳಿಗೆ ಪಟ್ಟಿ ಕಟ್ಕೊಂಡು ಬಂದಿರೋದು ನೋಡಿ "ವಾಟ್ ಹ್ಯಾಪನ್ಡ್?" ಅಂತ ಕೇಳಿದ್ರೆ ಪಕ್ಕದವರ ಮುಖ ನೋಡುತ್ತೆ. ಆಗ ಟೀಚರ್‌ಗೆ ಬೇಜಾರಾಗಿ ರೋಲ್ ಪ್ಲೇನೇ ಬಿಟ್ಟು ಮತ್ತೆ ಪಾಠ ಓದ್ಸಿ ಅರ್ಥ ಹೇಳೋದಕ್ಕೆ ವಾಪಸ್ ಹೋಗ್ತಾರೆ.

ತಪ್ಪು ಮಕ್ಕಳದ್ದಲ್ಲ, ರೋಲ್ ಪ್ಲೇದೂ ಅಲ್ಲ. ಮುಂಚೇನೇ ಬರೆದ ಡೈಲಾಗನ್ನ ಬಾಯಿಪಾಠ ಮಾಡ್ಸಿದ್ರೆ ಅದು ಪದ್ಯ ಒಪ್ಪಿಸಿದ ಹಾಗೇ ಆಯ್ತು, ಅಲ್ಲಿ ಯಾರೂ ಯಾರ ಮಾತನ್ನೂ ಕೇಳಿಸ್ಕೊಳ್ಳೋ ಅವಶ್ಯಕತೆನೇ ಇಲ್ಲ. ಎದುರಿಗಿರೋನು ಏನು ಹೇಳ್ತಾನೆ ಅಂತ ಗೊತ್ತಿಲ್ದೇ ಇದ್ದಾಗ, ಅದು ಗೊತ್ತಾಗ್ಲೇಬೇಕು ಅಂತಿದ್ದಾಗ ಮಾತ್ರ ಮಗು ಭಾಷೆ ಬಳಸುತ್ತೆ. ಕೆಳಗಿರೋ ಹಂತಗಳೆಲ್ಲ ಆ ಪರಿಸ್ಥಿತಿ ತರೋಕೆ ಇರೋದು. ಕ್ರಮ ಮುಖ್ಯ, ದಯವಿಟ್ಟು ಮಧ್ಯದಲ್ಲಿ ಒಂದು ಹಂತ ಹಾರಿಸ್ಬೇಡಿ, ಅದ್ರಲ್ಲೂ 2 ಮತ್ತೆ 4ನ್ನ.

## ಏನೇನು ಬೇಕು

ಖರ್ಚು ಏನೂ ಇಲ್ಲ. ಹಳೇ ಕ್ಯಾಲೆಂಡರ್ ಹಿಂಭಾಗ ಕತ್ತರಿಸಿ ಮಾಡಿದ ಚೀಟಿಗಳು, ಒಂದು ಸ್ಕೆಚ್ ಪೆನ್, ಸ್ಲೇಟು ಬಳಪ, ಎಲ್ಲರನ್ನೂ ನಿಲ್ಲಿಸೋಕೆ ಒಂದು ಗಂಟೆ ಅಥವಾ ಮೇಜು ತಟ್ಟೋ ಸ್ಕೇಲು, ನಿಮ್ಮ ಕೈಲಿ ಒಂದು ಸಣ್ಣ ನೋಟ್‌ಬುಕ್. ಅಷ್ಟೇ ಸಾಕು.

ಬೇಡದೇ ಇರೋದು: ಡ್ರೆಸ್ಸು, ಮೇಕಪ್ಪು, ಮೈಕು, ಮುಖವಾಡ. ಮುಖವಾಡ ಅಂತೂ ಖಂಡಿತ ಬೇಡ, ಬಾಯಿ ಮುಚ್ಚಿಹೋಗುತ್ತೆ, ತುಟಿ ಕಾಣಲ್ಲ, ಇಂಗ್ಲಿಷ್ ಈಗಷ್ಟೇ ಕಲೀತಿರೋ ಮಗೂಗೆ ಎದುರಿಗಿರೋರ ತುಟಿ ಕಂಡ್ರೆ ಅರ್ಧ ಅರ್ಥ ಆಗಿರುತ್ತೆ. ಟವೆಲ್ ಹೆಗಲ ಮೇಲೆ ಹಾಕೊಂಡ್ರೆ ಅಂಗಡಿಯವ, ಚೀಟಿ ಕಟ್ಟು ಕೈಲಿ ಹಿಡಿದ್ರೆ ಕಂಡಕ್ಟರ್, ಇಷ್ಟು ಗುರುತು ಸಾಕು. ಅದಕ್ಕಿಂತ ಜಾಸ್ತಿ ವಸ್ತು ಕೊಟ್ರೆ ಮಕ್ಕಳ ಗಮನ ಪೂರ್ತಿ ವಸ್ತು ಮೇಲೆ ಹೋಗಿ ಯಾರಿಗೆ ಯಾವ್ದು ಅನ್ನೋ ಜಗಳದಲ್ಲೇ ಪೀರಿಯಡ್ ಮುಗಿದುಹೋಗುತ್ತೆ.

## ಹಂತ 1: ಇಬ್ಬರೇ ಇರೋ, ಮಗು ಕಣ್ಣಾರೆ ಕಂಡಿರೋ ಸನ್ನಿವೇಶ ಆರಿಸಿ

ಏರ್‌ಪೋರ್ಟು, ದೊಡ್ಡ ರೆಸ್ಟೋರೆಂಟು, ಲಾಡ್ಜಲ್ಲಿ ರೂಮ್ ಬುಕ್ ಮಾಡೋದು ಇವೆಲ್ಲ ಬೇಡ. ಆ ಜಾಗದಲ್ಲಿ ಏನು ನಡೆಯುತ್ತೆ ಅನ್ನೋದೇ ಗೊತ್ತಿಲ್ದೇ ಇರೋ ಮಗೂಗೆ ಭಾಷೆ ಬೇರೆ ಹೊಸದು, ಎರಡೂ ಹೊರೆ ಒಟ್ಟಿಗೆ ಬೀಳುತ್ತೆ. ಸಂತೆಯಲ್ಲಿ ತರಕಾರಿ ಕೊಳ್ಳೋದು, ಸರ್ಕಾರಿ ಬಸ್ಸಲ್ಲಿ ಟಿಕೆಟ್ ತಗೊಳ್ಳೋದು, ಆರೋಗ್ಯ ಕೇಂದ್ರದಲ್ಲಿ ಜ್ವರಕ್ಕೆ ಮಾತ್ರೆ ಇಸ್ಕೊಳ್ಳೋದು, ಕಳೆದುಹೋದ ಮೇಕೆ ಹುಡುಕ್ತಾ ಪಕ್ಕದ ಮನೆಯಲ್ಲಿ ವಿಚಾರಿಸೋದು, ಇಂಥವು ಸರಿ.

ಪಾತ್ರ ಎರಡೇ ಇರಲಿ. ಎಂಟು ಪಾತ್ರದ ಸೀನಲ್ಲಿ ಇಬ್ಬರು ಮಾತಾಡ್ತಾರೆ, ಮಿಕ್ಕ ಆರು ಜನ ಮರ, ಮೋಡ, ಕಾವಲುಗಾರ ಆಗಿ ನಿಂತಿರ್ತಾರೆ. ಆ ನಿಂತ ಆರು ಮಕ್ಕಳೇ ನಮಗೆ ಬೇಕಾಗಿರೋರು.

## ಹಂತ 2: ಇಬ್ಬರ ಮಧ್ಯೆ ಒಂದು ಗುಟ್ಟು ಇಡಿ

ಒಬ್ಬನಿಗೆ ಗೊತ್ತಿರೋದು ಇನ್ನೊಬ್ಬನಿಗೆ ಗೊತ್ತಿರಬಾರದು. ಇದಕ್ಕೆ ಭಾಷಾ ಬೋಧನೆಯಲ್ಲಿ ಇನ್ಫರ್ಮೇಶನ್ ಗ್ಯಾಪ್ ಅಂತಾರೆ. ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು ಅವರು 1979ರಿಂದ ಕೆಲವು ವರ್ಷ ನಮ್ಮ ದಕ್ಷಿಣ ಭಾರತದ ಶಾಲೆಗಳಲ್ಲೇ ನಡೆಸಿದ, ಬೆಂಗಳೂರು ಪ್ರಾಜೆಕ್ಟ್ ಅಂತಾನೇ ಹೆಸರಾದ ಪ್ರಯೋಗದಲ್ಲಿ ಇಂಥ ಚಟುವಟಿಕೆಗಳನ್ನ ಮಾಹಿತಿಯ ಗ್ಯಾಪ್, ತರ್ಕದ ಗ್ಯಾಪ್ (ಗೊತ್ತಿರೋದ್ರಿಂದ ಯೋಚಿಸಿ ಉತ್ತರ ಕಂಡ್ಕೊಳ್ಳೋದು), ಅಭಿಪ್ರಾಯದ ಗ್ಯಾಪ್ (ತನಗೆ ಏನನ್ಸುತ್ತೆ ಅಂತ ಹೇಳೋದು) ಅಂತ ಮೂರು ಥರ ಮಾಡಿದ್ರು. ಸಣ್ಣ ಮಕ್ಕಳ ರೋಲ್ ಪ್ಲೇಗೆ ಮೊದಲನೇದು ಸಾಕು, ಎರಡನೇದು ಸ್ವಲ್ಪ ಬೆರೆಸಿದ್ರೆ ಇನ್ನೂ ರುಚಿ.

ಸಂತೆ ಸೀನು ತಗೊಳ್ಳಿ. ಮೂರು ಥರದ ಅಂಗಡಿ ಚೀಟಿ ಬರೀರಿ, ಎಲ್ಲಾ ಒಂದು ಕಿಲೋ ರೇಟು:

ಅಂಗಡಿ ಒಂದು: ಟೊಮೆಟೊ 30, ಈರುಳ್ಳಿ 40.
ಅಂಗಡಿ ಎರಡು: ಟೊಮೆಟೊ 13, ಈರುಳ್ಳಿ 50.
ಅಂಗಡಿ ಮೂರು: ಟೊಮೆಟೊ 15, ಈರುಳ್ಳಿ 30.

ಗಿರಾಕಿ ಚೀಟಿಯಲ್ಲಿ ಇಷ್ಟೇ ಇರಲಿ: ನಿನ್ನ ಹತ್ರ 50 ರೂಪಾಯಿ ಇದೆ, ಒಂದು ಕಿಲೋ ಟೊಮೆಟೊ, ಒಂದು ಕಿಲೋ ಈರುಳ್ಳಿ ಎರಡನ್ನೂ ಒಂದೇ ಅಂಗಡಿಯಲ್ಲಿ ತಗೋಬೇಕು. ಇದನ್ನ ಕನ್ನಡದಲ್ಲೇ ಬರೀರಿ, ಏನು ಮಾಡ್ಬೇಕು ಅನ್ನೋದು ಅರ್ಥ ಮಾಡ್ಕೊಳ್ಳೋಕೇ ಮಗು ಒದ್ದಾಡೋದು ಬೇಡ.

ಈಗ ನೋಡಿ ಏನಾಗುತ್ತೆ ಅಂತ. ಮೊದಲನೇ ಅಂಗಡಿಯಲ್ಲಿ ಕೂಡಿದ್ರೆ 70, ಆಗಲ್ಲ. ಎರಡನೇದರಲ್ಲಿ ಟೊಮೆಟೊ ಅಗ್ಗ ಅಂತ ಆಸೆ ಹುಟ್ಟಿಸುತ್ತೆ, ಕೂಡಿದ್ರೆ 63, ಅದೂ ಆಗಲ್ಲ. ಮೂರನೇದರಲ್ಲಿ 45, ದುಡ್ಡು ಸಾಕಾಗಿ 5 ರೂಪಾಯಿ ಉಳಿಯುತ್ತೆ. ಆದ್ರೆ ಅಲ್ಲಿ "ಫಿಫ್ಟೀನ್" ಅಂದಿದ್ದನ್ನ "ಫಿಫ್ಟಿ" ಅಂತ ಕೇಳಿಸ್ಕೊಂಡ್ರೆ ಮಗು ಅಂಗಡಿ ಬಿಟ್ಟು ಹೊರಟುಬಿಡುತ್ತೆ, ಆಮೇಲೆ ಎಲ್ಲೂ ಸಿಗದೆ ವಾಪಸ್ ಬಂದು ಮತ್ತೆ ಕೇಳುತ್ತೆ. ಆ ಎರಡನೇ ಸಲ ಕೇಳೋ ಪ್ರಶ್ನೆ ಇದ್ಯಲ್ಲ, ಅದನ್ನ ಯಾರೂ ಹೇಳ್ಕೊಟ್ಟಿರಲ್ಲ, ತನಗೆ ಬೇಕು ಅಂತ ಮಗು ತಾನಾಗೇ ಕೇಳಿರುತ್ತೆ. ಇದಕ್ಕೋಸ್ಕರಾನೇ 13-30, 15-50 ಇಂಥ ಜೋಡಿ ನಂಬರ್‌ಗಳನ್ನ ಬೇಕಂತಲೇ ಹಾಕಿರೋದು.

ಅಂಗಡಿಯವನಿಗೂ ಒಂದು ಕೆಲಸ ಬೇಕು, ಇಲ್ಲಾಂದ್ರೆ ಅವನು ಬರೀ ರೇಟು ಓದೋ ಮೆಷಿನ್ ಆಗ್ತಾನೆ. ಗಿರಾಕಿಗಳಿಗೆಲ್ಲ ಹೊಸ ಹೆಸರು, ಹೊಸ ಊರು ಚೀಟಿಯಲ್ಲಿ ಕೊಡಿ, ಅಂಗಡಿಯವನು ಯಾರು ಬಂದಿದ್ರು, ಯಾವ ಊರು ಅಂತ ಕೇಳಿ ಸ್ಲೇಟಲ್ಲಿ ಬರ್ಕೋಬೇಕು.

ಬಸ್ಸಿನ ಸೀನಲ್ಲಿ ಗುಟ್ಟು ಇಡೋದು ಇನ್ನೂ ಸುಲಭ. ತುಮಕೂರು ಕಡೆಯವರಾದ್ರೆ ಒಬ್ಬ ಕಂಡಕ್ಟರ್ ಚೀಟಿಯಲ್ಲಿ ಗುಬ್ಬಿ, ನಿಟ್ಟೂರು, ತಿಪಟೂರು ಇರಲಿ, ಇನ್ನೊಬ್ಬನದರಲ್ಲಿ ಕೊರಟಗೆರೆ, ಮಧುಗಿರಿ. ರೇಟು ನೀವೇ ಸುಮ್ನೆ ಏನಾದ್ರೂ ಹಾಕಿ. ಪ್ರಯಾಣಿಕನಿಗೆ ತಾನು ಹೋಗ್ಬೇಕಾದ ಊರು ಮಾತ್ರ ಗೊತ್ತು, ಬಸ್ಸು ಅಲ್ಲಿಗೆ ಹೋಗುತ್ತಾ ಅಂತ ಕೇಳಿಯೇ ಹತ್ತಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ್ಮೇಲೆ ಹೆಣ್ಮಕ್ಕಳು ಸರ್ಕಾರಿ ಬಸ್ಸಲ್ಲಿ ಜೀರೋ ಟಿಕೆಟ್ ತಗೊಂಡು ಹೋಗೋದನ್ನ ಮಕ್ಕಳು ದಿನಾ ನೋಡ್ತಾರಲ್ಲ, ಹಂಗಾಗಿ ಕಂಡಕ್ಟರ್ ಆದ ಹುಡುಗ ಯಾರೂ ಹೇಳ್ಕೊಡದೇನೇ "ಶೋ ಆಧಾರ್ ಕಾರ್ಡ್" ಅಂತಾನೆ. ಕಂಡಿರೋ ಸನ್ನಿವೇಶ ಆರಿಸಿ ಅಂದಿದ್ದು ಇದಕ್ಕೇ.

## ಹಂತ 3: ಆರು ಮಾತು ಕಲಿಸಿ, ಅದಕ್ಕಿಂತ ಜಾಸ್ತಿ ಬೇಡ

ಪೂರ್ತಿ ಸಂಭಾಷಣೆ ಬೋರ್ಡ್ ಮೇಲೆ ಬರೀಬೇಡಿ. ಸಂತೆಗೆ ಬೇಕಾಗೋ ತುಂಡು ಮಾತುಗಳು ಇಷ್ಟೇ: "ಹೌ ಮಚ್ ಈಸ್ ದ ಟೊಮೆಟೊ?", "ಫಿಫ್ಟೀನ್ ರುಪೀಸ್ ಎ ಕಿಲೋ", "ಟೂ ಮಚ್!", "ಗಿವ್ ಮಿ ಒನ್ ಕಿಲೋ", "ಒನ್ಸ್ ಅಗೇನ್ ಪ್ಲೀಸ್", "ಫಿಫ್ಟೀನ್ ಆರ್ ಫಿಫ್ಟಿ?". ಹೆಸರು, ಊರು ಕೇಳೋದು ಅವರಿಗೆ ಮೊದಲೇ ಬರುತ್ತೆ.

ಕೊನೇ ಎರಡನ್ನ ನೋಡಿ, ಸಾಮಾನ್ಯವಾಗಿ ಇವನ್ನ ಯಾರೂ ಕಲಿಸಲ್ಲ. ಅರ್ಥ ಆಗ್ದೇ ಇದ್ದಾಗ ಏನು ಹೇಳ್ಬೇಕು ಅಂತ ಗೊತ್ತಿಲ್ದೇ ಇರೋ ಮಗು ಅಲ್ಲೇ ನಿಂತುಹೋಗುತ್ತೆ ಇಲ್ಲಾ ಕನ್ನಡಕ್ಕೆ ಹೋಗುತ್ತೆ. "ಒನ್ಸ್ ಅಗೇನ್ ಪ್ಲೀಸ್", "ವೇಟ್", "ಐ ಡೋಂಟ್ ನೋ" ಈ ಮೂರು ಬಾಯಲ್ಲಿದ್ರೆ ಎಂಥಾ ಮಗುವೂ ಇಂಗ್ಲಿಷಲ್ಲೇ ಮುಂದಕ್ಕೆ ಹೋಗುತ್ತೆ, ಇದನ್ನ ವರ್ಷದ ಮೊದಲನೇ ವಾರದಲ್ಲೇ ಕಲಿಸಿಬಿಡಿ.

ಮೊದ್ಲು ಕಿವಿಗೆ, ಆಮೇಲೆ ಬಾಯಿಗೆ, ಬೋರ್ಡಿಗೆ ಕೊನೇಲಿ. ನೀವು ನಂಬರ್ ಹೇಳಿ, ಮಕ್ಕಳು ಸ್ಲೇಟಲ್ಲಿ ಅಂಕಿ ಬರೆದು ಎತ್ತಿ ತೋರ್ಸಲಿ. ಥರ್ಟೀನ್, ಫಿಫ್ಟೀನ್ ಅಂದಾಗ ಕೊನೆಯ "ಟೀನ್" ಎಳೆದು ಹೇಳಿ, ಥರ್ಟಿ, ಫಿಫ್ಟಿ ಅಂದಾಗ ಮೊದಲನೇ ಅಕ್ಷರಕ್ಕೆ ಒತ್ತು ಕೊಟ್ಟು ಕೊನೇದನ್ನ ಚಿಕ್ಕದು ಮಾಡಿ. ಹತ್ತು ಸ್ಲೇಟು ಎತ್ತೋದ್ರಲ್ಲೇ ಯಾರಿಗೆ ಕಿವಿಗೆ ಬಿದ್ದಿದೆ ಯಾರಿಗೆ ಇಲ್ಲ ಅಂತ ಗೊತ್ತಾಗುತ್ತೆ.

ಆಮೇಲೆ ಆರು ಮಾತನ್ನ ಬೋರ್ಡ್ ಮೇಲೆ ಬರೆದು, ಎಲ್ಲರೂ ಹೇಳ್ತಿರೋವಾಗ್ಲೇ ಒಂದೊಂದೇ ಪದ ಒರೆಸ್ತಾ ಬನ್ನಿ. ಕೊನೆಗೆ ಖಾಲಿ ಬೋರ್ಡ್ ನೋಡ್ಕೊಂಡು ಮಕ್ಕಳು ಅಷ್ಟೂ ಹೇಳ್ತಾರೆ. ನೋಟ್‌ಬುಕ್ಕಲ್ಲಿ ಬರ್ಕೊಳ್ಳೋಕೆ ಈಗ್ಲೇ ಬಿಡ್ಬೇಡಿ, ಬರ್ಕೊಂಡ್ರೆ ರೋಲ್ ಪ್ಲೇ ಟೈಮಲ್ಲಿ ಕಣ್ಣು ಅದರ ಮೇಲೇ ಇರುತ್ತೆ.

## ಹಂತ 4: ಮೊದ್ಲು ನೀವು ಪಾತ್ರಕ್ಕೆ ಇಳೀರಿ

ಟೈಮ್ ಇಲ್ಲ ಅಂತ ಜಾಸ್ತಿ ಜನ ಬಿಡೋದು ಇದನ್ನೇ. "ನೀನು ಅಂಗಡಿಯವನು, ನೀನು ಗಿರಾಕಿ, ಶುರು ಮಾಡಿ" ಅಂದ್ರೆ ಮಕ್ಕಳಿಗೆ ಏನೂ ಗೊತ್ತಾಗಲ್ಲ. ಅಲ್ಲೇ ಟವೆಲ್ ಹಾಕೊಂಡು ನೀವು ಅಂಗಡಿ ಇಡಿ, ಧೈರ್ಯ ಇರೋ ಒಂದು ಮಗೂನ ಕರೀರಿ, ಅಂಗಡಿ ಚೀಟಿ ಮಗೂಗೆ ಕಾಣದ ಹಾಗೆ ಎದೆಗೆ ಒತ್ತಿ ಹಿಡ್ಕೊಳ್ಳಿ. ರೇಟನ್ನ ಬೇಕಂತ ಗೊಣಗಿ ಹೇಳಿ. ಮಗು ಸುಮ್ನೆ ನಿಂತ್ರೆ ಕ್ಲಾಸಿನ ಕಡೆ ತಿರುಗಿ ಈಗ ಏನು ಹೇಳ್ಬೇಕು ಅನ್ನೋ ಹಾಗೆ ಕೈ ಮಾಡಿ, ಎಲ್ಲರೂ ಒಟ್ಟಿಗೆ "ಒನ್ಸ್ ಅಗೇನ್ ಪ್ಲೀಸ್" ಅಂತ ಕೂಗ್ತಾರೆ.

ಆಮೇಲೆ ಪಾತ್ರ ಬದಲಾಯಿಸಿ, ನೀವು ಗಿರಾಕಿ. ಅದಾದ್ಮೇಲೆ ಇಬ್ಬರು ಮಕ್ಕಳು ಎಲ್ಲರ ಮುಂದೆ ಒಂದೇ ಸಲ. ಈ ಮೂರು ಸುತ್ತು ಕ್ಲಾಸು ನೋಡಿದ್ಮೇಲೆ ವಿವರಣೆ ಕೊಡೋ ಅಗತ್ಯಾನೇ ಬೀಳಲ್ಲ. ಟೀಚರೇ ಟವೆಲ್ ಹಾಕೊಂಡು ಗೊಣಗಿದ್ದು ನೋಡಿದ ಮಕ್ಕಳಿಗೆ ಇನ್ನು ನಾಚಿಕೆ ಜಾಸ್ತಿ ಉಳಿಯಲ್ಲ, ಇದು ದೊಡ್ಡ ಲಾಭ.

## ಹಂತ 5: ಎಲ್ಲಾ ಜೋಡಿಗಳೂ ಒಟ್ಟಿಗೆ, ಸ್ಟೇಜ್ ಇಲ್ಲ

30 ಮಕ್ಕಳ ಕ್ಲಾಸಲ್ಲಿ ಒಂದೊಂದೇ ಜೋಡೀನ ಮುಂದಕ್ಕೆ ಕರೆದ್ರೆ 40 ನಿಮಿಷದ ಪೀರಿಯಡಲ್ಲಿ ಒಂದು ಮಗು ಮಾತಾಡೋದು ಎರಡು ನಿಮಿಷ ಕೂಡ ಆಗಲ್ಲ, ಮಿಕ್ಕಿದ್ದೆಲ್ಲ ಕೂತು ನೋಡೋದೇ. ಅದೇ 15 ಜೋಡಿ ಒಟ್ಟಿಗೆ ಶುರು ಮಾಡಿದ್ರೆ ಹತ್ತು ನಿಮಿಷದಲ್ಲಿ ಎಲ್ಲರಿಗೂ ಬಾಯಿ ತುಂಬಾ ಮಾತು ಸಿಗುತ್ತೆ.

ಅಂಗಡಿಯವರು ಗೋಡೆ ಉದ್ದಕ್ಕೂ ಒಂದು ಸಾಲಲ್ಲಿ ನಿಲ್ಲಲಿ, ಪ್ರತಿಯೊಬ್ಬರ ಎದುರಿಗೆ ಒಬ್ಬ ಗಿರಾಕಿ. ಗಂಟೆ ಹೊಡೆದಾಗ ಗಿರಾಕಿಗಳು ಒಂದು ಹೆಜ್ಜೆ ಬಲಕ್ಕೆ ಸರೀಬೇಕು. ಅಂಗಡಿ ಚೀಟಿಗಳನ್ನ ಒಂದು, ಎರಡು, ಮೂರು, ಮತ್ತೆ ಒಂದು, ಎರಡು, ಮೂರು ಅಂತ ಕ್ರಮವಾಗಿ ಹಂಚಿರಿ, ಆಗ ಮೂರು ಸಲ ಗಂಟೆ ಹೊಡೆಯೋದ್ರೊಳಗೆ ಎಲ್ಲರೂ ಮೂರು ಥರದ ಅಂಗಡೀನೂ ನೋಡಿರ್ತಾರೆ. ಅದಾದ್ಮೇಲೆ ಪಾತ್ರ ಬದಲಾವಣೆ, ಚೀಟಿಗಳನ್ನೂ ಕಲಸಿ ಕೊಡಿ, ಇಲ್ಲಾಂದ್ರೆ ಉತ್ತರ ಮೊದಲೇ ಗೊತ್ತಿರುತ್ತೆ. ಬೆಸ ಸಂಖ್ಯೆ ಆದ್ರೆ ಒಂದು ಅಂಗಡಿಗೆ ಇಬ್ಬರು ಮಾಲೀಕರು, ಒಬ್ಬ ಟೊಮೆಟೊಗೆ, ಇನ್ನೊಬ್ಬ ಈರುಳ್ಳಿಗೆ. 4, 5 ಒಟ್ಟಿಗೆ ಕೂರೋ ಸಣ್ಣ ಶಾಲೆಗಳಲ್ಲಿ ಮೊದಲನೇ ಸುತ್ತಿಗೆ 5ನೇ ಕ್ಲಾಸಿನವರು ಅಂಗಡಿಯವರಾಗಲಿ, ಚಿಕ್ಕವರಿಗೆ ಕೇಳೋ ಪ್ರಶ್ನೆ ಒಂದೇ ಥರ ಇರೋದ್ರಿಂದ ಸಲೀಸು.

ಗಲಾಟೆ ಆಗುತ್ತೆ, ಆಗ್ಲಿ. ಶುರು ಮಾಡೋಕೆ ಮುಂಚೆ ಪಕ್ಕದ ಕ್ಲಾಸಿನವರಿಗೂ ಹೆಡ್ ಮೇಷ್ಟ್ರಿಗೂ ಒಂದು ಮಾತು ಹೇಳಿಡಿ, ಸಾಧ್ಯ ಆದ್ರೆ ಹೊರಗೆ ಮರದ ನೆರಳಲ್ಲಿ ಮಾಡಿ.

## ಹಂತ 6: ತಪ್ಪು ತಿದ್ದೋದು ಯಾವಾಗ

ಮಾತಾಡ್ತಿರೋ ಮಗೂನ ಮಧ್ಯದಲ್ಲಿ ತಡೆದು ತಿದ್ದಬೇಡಿ. ಒಂದು ಸಲ ತಡೆದ್ರೆ ಮುಂದಿನ ಐದು ನಿಮಿಷ ಆ ಮಗು ಎದುರಿಗಿರೋರನ್ನ ಬಿಟ್ಟು ನಿಮ್ಮ ಮುಖಾನೇ ನೋಡ್ತಾ ಇರುತ್ತೆ.

ಓಡಾಡ್ತಾ ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ. ನಮ್ಮ ಮಕ್ಕಳಲ್ಲಿ ಕೆಲವು ತಪ್ಪು ಪದೇ ಪದೇ ಬರುತ್ತೆ: "ವಾಟ್ ಯುವರ್ ನೇಮ್", "ಹೌ ಮಚ್ ರುಪೀಸ್", "ಐ ಗೋ ಮಧುಗಿರಿ". ಕನ್ನಡದ ವಾಕ್ಯದಲ್ಲಿ ಆ ಜಾಗಕ್ಕೆ ಬೇರೆ ಪದಾನೇ ಬೇಡ, ಅದಕ್ಕೇ "ಈಸ್", "ಟು" ಬಿಟ್ಟುಹೋಗುತ್ತೆ, ಅಜಾಗರೂಕತೆ ಅಂತ ಬೈಯೋ ವಿಷಯ ಅಲ್ಲ. ನೀವೇ ಒಬ್ಬ ಗಿರಾಕಿ ಥರ ಆ ಅಂಗಡಿಗೆ ಹೋಗಿ, ಮಗು "ವಾಟ್ ಯುವರ್ ನೇಮ್" ಅಂದ್ರೆ "ವಾಟ್ ಈಸ್ ಮೈ ನೇಮ್? ಮೈ ನೇಮ್ ಈಸ್ ಗಂಗಮ್ಮ" ಅನ್ನಿ. ಸರಿಯಾದ ರೂಪ ಕಿವಿಗೆ ಬೀಳುತ್ತೆ, ಆಟಾನೂ ನಿಲ್ಲಲ್ಲ.

ಸುತ್ತು ಮುಗಿದ್ಮೇಲೆ ಎರಡೋ ಮೂರೋ ತಪ್ಪನ್ನ ಮಾತ್ರ ಬೋರ್ಡಿಗೆ ಹಾಕಿ, ಯಾರ ಹೆಸರೂ ಹೇಳ್ಬೇಡಿ, ಮಕ್ಕಳ ಕೈಲೇ ಸರಿ ಮಾಡ್ಸಿ. ಪಕ್ಕದಲ್ಲೇ ಚೆನ್ನಾಗಿ ಬಂದ ಒಂದು ಮಾತನ್ನೂ ಬರೀರಿ. ಆಮೇಲೆ ಇನ್ನೊಂದು ಸುತ್ತು ಮಾಡ್ಸಲೇಬೇಕು, ಯಾಕಂದ್ರೆ ತಿದ್ದಿದ್ದು ನಾಲಿಗೆಗೆ ಹೋಗೋದು ಆ ಸುತ್ತಲ್ಲೇ.

## ಹಂತ 7: ತಿರುವು ಕೊಡಿ

ಇಷ್ಟು ಹೊತ್ತಿಗೆ ಮಕ್ಕಳಿಗೆ ಆಟ ಕೈಗೆ ಬಂದಿರುತ್ತೆ. ಈಗ ಅಂಗಡಿಯವರನ್ನ ಮಾತ್ರ ಹತ್ರ ಕರೆದು ಕಿವಿಯಲ್ಲಿ ಏನಾದ್ರೂ ಹೇಳಿ ಕಳಿಸಿ: ಚಿಲ್ಲರೆ ಇಲ್ಲ, ಟೊಮೆಟೊ ಅರ್ಧ ಕಿಲೋ ಮಾತ್ರ ಉಳಿದಿದೆ, ಗಿರಾಕಿ ಕೊಟ್ಟ ನೋಟು ಹರಿದಿದೆ. ಗಿರಾಕಿಗೆ ಇದು ಗೊತ್ತಿರಲ್ಲ.

ಇಲ್ಲಿ ವ್ಯಾಕರಣ ಕೆಡುತ್ತೆ. "ನೋ ಚೇಂಜ್, ಯು ಟೇಕ್ ಚಾಕ್ಲೇಟ್" ಅಂತ ಅಂಗಡಿಯವಳು ಅಂತಾಳೆ, "ನೋ ಚಾಕ್ಲೇಟ್, ಗಿವ್ ಮೈ ಫೈವ್ ರುಪೀಸ್" ಅಂತ ಗಿರಾಕಿ ಪಟ್ಟು ಹಿಡೀತಾನೆ. ದಯವಿಟ್ಟು ಇದನ್ನ ಕೆಡಿಸ್ಬೇಡಿ, ಇಷ್ಟು ಹಂತ ದಾಟಿ ಬಂದಿದ್ದೇ ಈ ಜಗಳಕ್ಕೆ. ಇಬ್ಬರು ಹತ್ತು ವರ್ಷದ ಮಕ್ಕಳು ಐದು ರೂಪಾಯಿಗೋಸ್ಕರ ಇಂಗ್ಲಿಷಲ್ಲಿ ಜಗಳ ಆಡ್ತಿದ್ದಾರೆ ಅಂದ್ರೆ ಅದಕ್ಕಿಂತ ಒಳ್ಳೇ ಸ್ಪೀಕಿಂಗ್ ಟೆಸ್ಟ್ ನೀವು ಯಾವುದೂ ಮಾಡ್ಸೋಕಾಗಲ್ಲ.

## ಹಂತ 8: ಏನಾಯ್ತು ಅಂತ ಕೇಳಿ ಮುಗಿಸಿ

ಎಲ್ಲರನ್ನೂ ಕೂರಿಸಿ. "ಹೂ ಹ್ಯಾಸ್ ಫೈವ್ ರುಪೀಸ್ ಲೆಫ್ಟ್?" ಅಂತ ಕೇಳಿ. ಅಂಗಡಿಯವರು ಸ್ಲೇಟ್ ನೋಡಿ ಯಾರು ಯಾವ ಊರಿಂದ ಬಂದಿದ್ರು ಅಂತ ಹೇಳಲಿ. ಐದು ನಿಮಿಷ ಸಾಕು. ನೋಟ್‌ಬುಕ್ಕಲ್ಲಿ ಬರ್ಕೊಳ್ಳೋದು ಏನಿದ್ರೂ ಈಗ.

## ಈ ಲಕ್ಷಣ ಕಂಡ್ರೆ ಅಲ್ಲೇ ನಿಲ್ಲಿಸಿ

ಮಗು ಮಾತಾಡೋವಾಗ ಸೂರು ನೋಡ್ತಿದ್ರೆ ನೆನಪಿಂದ ಒಪ್ಪಿಸ್ತಿದೆ ಅಂತ ಅರ್ಥ. ಒಬ್ಬ ಮಾತಾಡೋವಾಗ ಎದುರಿಗಿರೋನ ತುಟಿನೂ ಅದೇ ಮಾತಿಗೆ ಅಲ್ಲಾಡ್ತಿದ್ರೆ ಇಬ್ಬರಿಗೂ ಪೂರ್ತಿ ಡೈಲಾಗ್ ಬಾಯಿಪಾಠ ಆಗಿದೆ. ಅನುಮಾನ ಇದ್ರೆ ಒಂದು ಪರೀಕ್ಷೆ ಮಾಡಿ: ಸುಮ್ನೆ ಪಕ್ಕಕ್ಕೆ ಹೋಗಿ "ಹೌ ಮಚ್ ಈಸ್ ದ ಬ್ರಿಂಜಾಲ್?" ಅನ್ನಿ. ಬದನೆಕಾಯಿ ಕೇಳಿದ್ರೂ ಟೊಮೆಟೊ ರೇಟೇ ಹೇಳಿದ್ರೆ ಆ ಮಗು ನಿಮ್ಮ ಮಾತು ಕೇಳಿಸ್ಕೊಂಡೇ ಇಲ್ಲ. ಹಂತ 2ಕ್ಕೆ ವಾಪಸ್ ಹೋಗಿ ಚೀಟಿ ಬದಲಾಯಿಸಿ.

ಚೀಟಿಗಳನ್ನ ಒಬ್ಬರಿಗೊಬ್ಬರು ತೋರಿಸ್ಕೊಳ್ತಿದ್ರೆ ಗುಟ್ಟು ಹೋಯ್ತು, ಮಾತೂ ಹೋಯ್ತು, ಇದು ತುಂಬಾ ಆಗುತ್ತೆ. ಇಬ್ಬರ ಮಧ್ಯೆ ಒಂದು ಬ್ಯಾಗ್ ಅಡ್ಡ ಇಡ್ಸಿ ಅಥವಾ ಬೆನ್ನಿಗೆ ಬೆನ್ನು ಮಾಡಿ ಕೂರಿಸಿ ಫೋನಲ್ಲಿ ಮಾತಾಡೋ ಸೀನು ಮಾಡಿ.

ಪ್ರತಿ ಸಲ ಅದೇ ನಾಲ್ಕು ಮಕ್ಕಳು ಮುಂದೆ ಬರ್ತಿದ್ರೆ ನೀವು ಹಂತ 5 ಬಿಟ್ಟು ಮತ್ತೆ ಸ್ಟೇಜ್‌ಗೆ ಹೋಗಿದ್ದೀರ. ಪ್ರತಿಭಾ ಕಾರಂಜಿಗೆ, ಸ್ಕೂಲ್ ಡೇಗೆ ತಯಾರಿ ಮಾಡೋದು ಬೇರೆ ಕೆಲಸ, ಅಲ್ಲಿ ಡೈಲಾಗ್ ಬಾಯಿಪಾಠ ಬೇಕು, ಅದನ್ನ ಇದರ ಜೊತೆ ಕಲಸಬೇಡಿ.

## ಬಾಯೇ ಬಿಡದ ಮಗು, ಕನ್ನಡಕ್ಕೆ ಜಾರೋ ಮಗು

ಹೊಸ ಭಾಷೆ ಕಲಿಯೋ ಮಕ್ಕಳಲ್ಲಿ ಕೆಲವರು ತುಂಬಾ ದಿನ ಬರೀ ಕೇಳಿಸ್ಕೊಳ್ತಾರೆ, ಮಾತಾಡಲ್ಲ. ಅಂಥವರನ್ನ ಎಲ್ಲರ ಮುಂದೆ ನಿಲ್ಲಿಸಿ ಒತ್ತಾಯ ಮಾಡಿದ್ರೆ ಇನ್ನೂ ಮುಚ್ಕೊಳ್ತಾರೆ. ಕೆಲಸ ಇರೋ, ಮಾತು ಕಮ್ಮಿ ಇರೋ ಪಾತ್ರ ಕೊಡಿ: ದುಡ್ಡು ಎಣಿಸಿ ಕೊಡೋ ಕ್ಯಾಷಿಯರ್, "ರೈಟ್, ರೈಟ್" "ಸ್ಟಾಪ್" ಅನ್ನೋ ಕಂಡಕ್ಟರ್. ಕೈಗೊಂಬೆ ಕೊಟ್ರೆ ಇನ್ನೂ ಒಳ್ಳೇದು, ಹಳೇ ಕಾಲುಚೀಲಕ್ಕೆ ಎರಡು ಗುಂಡಿ ಹೊಲಿದ್ರೂ ಆಯ್ತು, ತಪ್ಪಾದ್ರೆ ತಪ್ಪು ಗೊಂಬೇದು ಅನ್ನೋ ಧೈರ್ಯದಲ್ಲಿ ಮಗು ಬಾಯಿ ಬಿಡುತ್ತೆ. ಜೋಡಿ ಮಾಡೋವಾಗ ತುಂಬಾ ಚುರುಕಾದ ಮಗು ಜೊತೆ ಹಾಕ್ಬೇಡಿ, ಅದು ಇಬ್ಬರ ಮಾತನ್ನೂ ತಾನೇ ಆಡಿಬಿಡುತ್ತೆ. ತಾಳ್ಮೆ ಇರೋ ಗೆಳತಿ ಜೊತೆ ಹಾಕಿ.

ಕನ್ನಡ ಬಂದ್ರೆ ದಂಡ ಹಾಕೋದು, ಬೈಯೋದು ಬೇಡವೇ ಬೇಡ. "ಅಯ್ಯೋ, ಒನ್ ಕಿಲೋ ಮಾತ್ರ ಗಿವ್" ಅಂದ ಮಗು ಮಾತಾಡ್ತಿದೆ, ಆ "ಮಾತ್ರ" ಜಾಗಕ್ಕೆ "ಓನ್ಲಿ" ಬೇಕು ಅಂತ ನಿಮಗೆ ಈಗ ಗೊತ್ತಾಯ್ತು, ಮುಂದಿನ ವಾರದ ಆರು ಮಾತಲ್ಲಿ ಅದನ್ನ ಸೇರಿಸಿ. ಮಕ್ಕಳು ಎಲ್ಲೆಲ್ಲಿ ಕನ್ನಡಕ್ಕೆ ಹೋಗ್ತಾರೋ ಅದೇ ನಿಮ್ಮ ಮುಂದಿನ ಪಾಠದ ಪಟ್ಟಿ. ಸೂಚನೆ ಕೊಡೋಕೆ, ಸಮಾಧಾನ ಮಾಡೋಕೆ ನೀವೂ ಧಾರಾಳವಾಗಿ ಕನ್ನಡ ಬಳಸಿ.

ಹೊರದೇಶದಲ್ಲಿ ವಾರಕ್ಕೊಮ್ಮೆ ಕನ್ನಡ ತರಗತಿ ನಡೆಸೋರಿಗೂ ಇದೇ ಕ್ರಮ ನಡೆಯುತ್ತೆ, ಭಾಷೆ ಮಾತ್ರ ಉಲ್ಟಾ. ಅಲ್ಲಿನ ಮಕ್ಕಳಿಗೆ ಸಂತೆ ಗೊತ್ತಿರಲ್ಲ, ಅಜ್ಜಿ ಜೊತೆ ವಿಡಿಯೋ ಕಾಲ್ ಗೊತ್ತಿರುತ್ತೆ, ಸೀನು ಅದೇ ಇರಲಿ: ಅಜ್ಜಿ ಚೀಟಿಯಲ್ಲಿ ಊರಿಗೆ ಯಾವಾಗ ಬರ್ತೀರ ಅಂತ ಕೇಳೋದು, ಮೊಮ್ಮಗು ಚೀಟಿಯಲ್ಲಿ ತಾರೀಖು. "ಇನ್ನೊಂದ್ಸಲ ಹೇಳಜ್ಜಿ" ಅನ್ನೋದನ್ನ ಮೊದ್ಲು ಕಲಿಸಿ.

## ಟೈಮ್ ಹೇಗೆ ಹೊಂದಿಸೋದು

ಎಲ್ಲಾ ಎಂಟು ಹಂತ ಒಂದೇ ಪೀರಿಯಡಲ್ಲಿ ಆಗಲ್ಲ, ತುರುಕ್ಬೇಡಿ. 1 ಮತ್ತೆ 2 ಹಿಂದಿನ ದಿನ ನೀವೇ ಕೂತು ಮಾಡ್ಕೊಳ್ಳೋ ಕೆಲಸ. ಮೊದಲನೇ ಪೀರಿಯಡಲ್ಲಿ 3 ಮತ್ತೆ 4, ಎರಡನೇದರಲ್ಲಿ 5ರಿಂದ 8. ಟೈಮ್ ಸಾಲ್ದೇ ಹೋದ್ರೆ ತಿರುವನ್ನ ಬಿಟ್ಟು ಮುಂದಿನ ವಾರ ಅದ್ರಿಂದಲೇ ಶುರು ಮಾಡಿ. ಚೀಟಿಗಳನ್ನ ಒಂದು ಕವರಲ್ಲಿ ಹಾಕಿ ಮೇಲೆ ಸೀನಿನ ಹೆಸರು ಬರೆದಿಡಿ, ಎರಡು ವಾರ ಬಿಟ್ಟು ಅದೇ ಸಂತೇನ ರೇಟು ಬದಲಾಯಿಸಿ, ಏನೂ ಹೇಳ್ಕೊಡದೆ ಹಂತ 5ರಿಂದಲೇ ಆಡ್ಸಿ. ಆಗ ಯಾವ ಯಾವ ಮಾತು ಮಕ್ಕಳ ಬಾಯಲ್ಲಿ ಉಳಿದಿದೆ ಅಂತ ನೋಟ್‌ಬುಕ್ಕಲ್ಲಿ ಗುರುತು ಹಾಕೊಳ್ಳಿ, ಉಳೀದೇ ಇರೋದನ್ನ ಬಸ್ಸಿನ ಸೀನಿನ ಆರು ಮಾತಲ್ಲಿ ಮತ್ತೆ ಸೇರಿಸಿ.